ಡಿವಿಡಿ ಮೆನುವಿಗೆ ಲೇಯರ್ ಬಟನ್‌ಗಳ ವಿನ್ಯಾಸ: ಫೋಟೋಶಾಪ್ ಕ್ಯಾನ್ವಾಸ್‌ನಿಂದ ಡಿಸ್ಕ್‌ವರೆಗೆ

ಡಿವಿಡಿ ಮೆನುವಿನ ಬಟನ್ ಪರದೆಯ ಮೇಲೆ ಒಂದೇ ಚಿತ್ರದಂತೆ ಕಂಡರೂ ಡಿಸ್ಕ್‌ನೊಳಗೆ ಅದು ಎರಡು ಭಾಗವಾಗಿ ಉಳಿಯುತ್ತದೆ. ಕೆಳಗಿರುವುದು ಹಿನ್ನೆಲೆ ಚಿತ್ರ. ಅದು ಎಂಪೆಗ್-2 (ಡಿವಿಡಿ ಬಳಸುವ ಸಂಕುಚಿತ ರೂಪ) ವಿಡಿಯೋದ ಒಂದು ಭಾಗವಾದ್ದರಿಂದ ಬೇಕಾದಷ್ಟು ಬಣ್ಣ, ನೆರಳು, ಹೊಳಪುಗಳನ್ನು ಧರಿಸಬಲ್ಲದು. ಅದರ ಮೇಲೆ ಸಬ್‌ಪಿಕ್ಚರ್ ಎಂಬ ತೆಳುವಾದ ಹೊದಿಕೆಯೊಂದು ಇರುತ್ತದೆ. ಅದರಲ್ಲಿ ಪ್ರತಿ ಪಿಕ್ಸೆಲ್‌ಗೆ ಸಿಗುವುದು ಬರೀ 2 ಬಿಟ್, ಅಂದರೆ ನಾಲ್ಕೇ ಬೆಲೆಗಳು. ಅವುಗಳಲ್ಲಿ ಒಂದನ್ನು ಪಾರದರ್ಶಕ ಹಿನ್ನೆಲೆಗೆ ಬಿಟ್ಟುಕೊಟ್ಟರೆ ವಿನ್ಯಾಸಕಾರನ ಕೈಯಲ್ಲಿ ಉಳಿಯುವುದು ಮೂರು ಬಣ್ಣ. ನೋಡುಗರು ರಿಮೋಟ್‌ನ ಬಾಣದ ಗುಂಡಿ ಒತ್ತಿದಾಗ ಬದಲಾಗುವುದು ಈ ಹೊದಿಕೆ ಮಾತ್ರ, ಕೆಳಗಿನ ಚಿತ್ರ ಅಲುಗಾಡುವುದೂ ಇಲ್ಲ. ಫೋಟೋಶಾಪ್‌ನಲ್ಲಿ ಕಣ್ಣು ಕುಕ್ಕುವಂತಿದ್ದ ಬಟನ್ ಟಿವಿಯಲ್ಲಿ ಹಲ್ಲುಹಲ್ಲಾದ ಅಂಚಿನೊಂದಿಗೆ ಕಾಣಿಸಿಕೊಳ್ಳುವುದಕ್ಕೆ ಹೆಚ್ಚಿನ ಸಲ ಕಾರಣ ಒಂದೇ: ಎರಡು ಭಾಗಗಳನ್ನು ಒಂದೇ ವಸ್ತುವೆಂದು ಭಾವಿಸಿ ಚಿತ್ರಿಸಿರುವುದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೇಲಿನ ಹೊದಿಕೆಯನ್ನು ಮೊದಲು ಯೋಜಿಸಿ, ಕೆಳಗಿನ ಚಿತ್ರವನ್ನು ಅದಕ್ಕೆ ಹೊಂದಿಸುವ ಕ್ರಮವನ್ನು ಅನುಸರಿಸಲಾಗಿದೆ.

ಉದಾಹರಣೆಗೆ ಫೋಟೋಶಾಪ್ ಮತ್ತು ಆಥರಿಂಗ್ (ವಿಡಿಯೋ, ಮೆನುಗಳನ್ನು ಜೋಡಿಸಿ ಡಿಸ್ಕ್ ಸಿದ್ಧಪಡಿಸುವ) ತಂತ್ರಾಂಶವಾದ ಅಡೋಬಿ ಎನ್‌ಕೋರ್ ಜೋಡಿಯನ್ನು ತೆಗೆದುಕೊಂಡಿದ್ದೇನೆ. ಎನ್‌ಕೋರ್‌ನ ಕೊನೆಯ ಆವೃತ್ತಿ 2012ರ ಸಿಎಸ್6. ಆ ಮೇಲೆ ಅದು ಬೆಳೆಯಲಿಲ್ಲ. ಆದರೆ ಡಿವಿಡಿ-ವಿಡಿಯೋ ಮಾನದಂಡ 1996ರಲ್ಲಿಯೇ ರೂಪುಗೊಂಡು ಹಾಗೆಯೇ ನಿಂತಿರುವುದರಿಂದ, ಇಲ್ಲಿಯ ತತ್ತ್ವಗಳು ಬೇರೆ ಯಾವುದೇ ಆಥರಿಂಗ್ ತಂತ್ರಾಂಶಕ್ಕೂ ಸಲ್ಲುತ್ತವೆ. ಹೆಸರಿಡುವ ರೀತಿ ಮತ್ತು ಕಡತ ಉಳಿಸುವ ರೀತಿಗಳಷ್ಟೇ ಬೇರೆಯಾಗುತ್ತವೆ.

ಮೊದಲು ತಿಳಿದಿರಬೇಕಾದ ಒಂದು ಸಂಗತಿ

ಪ್ರತಿ ಬಟನ್‌ಗೆ ಮೂರು ಸ್ಥಿತಿಗಳಿವೆ: ಸಾಮಾನ್ಯ, ಆಯ್ಕೆಯಾದ, ಮತ್ತು ಒತ್ತಿದ ಸ್ಥಿತಿ. ಈ ಮೂರಕ್ಕೂ ಮೂರು ಚಿತ್ರಗಳಿರುತ್ತವೆ ಎಂಬುದು ಸಹಜವಾಗಿ ಹುಟ್ಟುವ ತಪ್ಪು ಕಲ್ಪನೆ. ನಿಜದಲ್ಲಿ ಇಡೀ ಮೆನುವಿಗೆ ಸಬ್‌ಪಿಕ್ಚರ್ ಒಂದೇ. ಬಟನ್ ಎಂದರೆ ಆ ಸಬ್‌ಪಿಕ್ಚರ್ ಮೇಲೆ ಗುರುತಿಸಿದ ಒಂದು ಆಯತಾಕಾರದ ಪ್ರದೇಶ. ನೋಡುಗರು ಆ ಬಟನ್‌ಗೆ ಬಂದೊಡನೆ ಪ್ಲೇಯರ್ ಆ ಆಯತದೊಳಗಿನ ಪಿಕ್ಸೆಲ್‌ಗಳಿಗೆ ಬೇರೆ ಬಣ್ಣವನ್ನೂ ಬೇರೆ ಪಾರದರ್ಶಕತೆಯನ್ನೂ ಹಚ್ಚುತ್ತದೆ. ಹೀಗಾಗಿ ಆಕಾರ ಬದಲಾಗುವುದಿಲ್ಲ, ಬಣ್ಣದ ಕೋಷ್ಟಕ ಬದಲಾಗುತ್ತದೆ. ಎರಡು ಬಟನ್‌ಗಳ ಆಯತಗಳು ಒಂದರ ಮೇಲೊಂದು ಬರಬಾರದು ಎಂಬ ನಿಯಮಕ್ಕೂ ಇದೇ ಮೂಲ: ಅತಿಕ್ರಮಿಸಿದ ಜಾಗದಲ್ಲಿರುವ ಪಿಕ್ಸೆಲ್‌ಗಳು ಪಕ್ಕದ ಬಟನ್ ಆಯ್ಕೆಯಾದಾಗಲೂ ಹೊತ್ತಿಕೊಳ್ಳುತ್ತವೆ. ಬಟನ್‌ನ ಗೋಚರ ರೂಪ ವೃತ್ತವಾಗಿರಲಿ, ಓರೆಯಾಗಿರಲಿ, ಅದನ್ನು ಸುತ್ತುವ ಪ್ರದೇಶ ಮಾತ್ರ ನೇರವಾದ ಆಯತವೇ. ಓರೆಯಾಗಿ ಜೋಡಿಸಿದ ಪಟ್ಟಿಗಳು ಕಣ್ಣಿಗೆ ಚೆನ್ನಾಗಿ ಕಂಡರೂ ತೊಂದರೆ ಕೊಡುವುದು ಇದಕ್ಕಾಗಿಯೇ.

ಕ್ಯಾನ್ವಾಸ್ ಸಿದ್ಧತೆ

ಫೋಟೋಶಾಪ್‌ನ ಹೊಸ ಕಡತದ ಕಿಟಕಿಯಲ್ಲಿ ಫಿಲ್ಮ್ ಮತ್ತು ವಿಡಿಯೋ ವಿಭಾಗದ ಸಿದ್ಧ ಅಳತೆಗಳನ್ನೇ ಬಳಸುವುದು ಕ್ಷೇಮ. ಭಾರತ, ಯುರೋಪ್‌ಗಳ ಟಿವಿಯ ಪಾಲ್ ಪದ್ಧತಿಗೆ 720×576, ಅಮೆರಿಕ, ಜಪಾನ್‌ಗಳ ಎನ್‌ಟಿಎಸ್‌ಸಿಗೆ 720×480 ಪಿಕ್ಸೆಲ್. ಬಣ್ಣದ ವಿಧಾನ ಆರ್‌ಜಿಬಿ, ಚಾನೆಲ್‌ಗೆ 8 ಬಿಟ್. ಸುರಕ್ಷಿತ ಅಂಚಿನ (ಟಿವಿ ಕತ್ತರಿಸದ ಭಾಗವನ್ನು ತೋರಿಸುವ) ಗೈಡ್‌ಗಳು ಈ ಅಳತೆಗಳ ಜತೆಗೇ ಬರುತ್ತವೆ. ಬಾರದಿದ್ದರೆ ನೀವೇ ಎಳೆದುಕೊಳ್ಳಿ. 720×576ರಲ್ಲಿ ಅಕ್ಷರಗಳಿಗಾಗಿ ಎಡಬಲಗಳಲ್ಲಿ 72, ಮೇಲೆ ಕೆಳಗೆ 58 ಪಿಕ್ಸೆಲ್ ಬಿಡಬೇಕು. ಬಟನ್‌ನ ಹೊಳಪಿನ ಗುರುತೂ ಈ ಎಲ್ಲೆಯೊಳಗೇ ಇರಲಿ, ಏಕೆಂದರೆ ಗುರುತು ಕತ್ತರಿಸಿಹೋದ ಬಟನ್ ಇದ್ದೂ ಇಲ್ಲದಂತೆ.

ಪಿಕ್ಸೆಲ್‌ಗಳು ಇಲ್ಲಿ ಚೌಕವಲ್ಲ ಎಂಬುದನ್ನು ಕೆಲಸದುದ್ದಕ್ಕೂ ನೆನಪಿನಲ್ಲಿಡಬೇಕು. ಪಾಲ್ 16:9 ಚೌಕಟ್ಟಿನಲ್ಲಿ ಒಂದು ಪಿಕ್ಸೆಲ್‌ನ ಅಗಲ ಅದರ ಎತ್ತರದ 1.46 ಪಟ್ಟು (ಫೋಟೋಶಾಪ್ ಸಿಎಸ್4ಕ್ಕಿಂತ ಹಳೆಯ ಆವೃತ್ತಿಗಳು ಇದನ್ನು 1.42 ಎಂದು ಎಣಿಸುತ್ತಿದ್ದವು). ಹಾಗಾಗಿ ಟಿವಿಯಲ್ಲಿ ದುಂಡಾಗಿ ಕಾಣಬೇಕಾದ 36 ಸಾಲು ಎತ್ತರದ ಚುಕ್ಕೆ ಕ್ಯಾನ್ವಾಸ್‌ನಲ್ಲಿ ಸುಮಾರು 25 ಪಿಕ್ಸೆಲ್ ಅಗಲವಷ್ಟೇ ಇರುತ್ತದೆ. ಬಟನ್ ಸುತ್ತ ಚೌಕಟ್ಟು ಹಾಕುವಾಗಲೂ ಇದೇ ಲೆಕ್ಕ. ನಾಲ್ಕೂ ಬದಿಗೆ 4 ಪಿಕ್ಸೆಲ್ ಕೊಟ್ಟರೆ ಎಡಬಲದ ಪಟ್ಟಿಗಳು ದಪ್ಪವಾಗಿ ಕಾಣುತ್ತವೆ. ಮೇಲೆ ಕೆಳಗೆ 4, ಎಡಬಲಕ್ಕೆ 3 ಕೊಟ್ಟರೆ ಕಣ್ಣಿಗೆ ಸಮನಾಗುತ್ತದೆ. ವೀಕ್ಷಣೆಯ ಮೆನುವಿನಲ್ಲಿರುವ ಪಿಕ್ಸೆಲ್ ಅನುಪಾತದ ತಿದ್ದುಪಡಿಯನ್ನು ವಿನ್ಯಾಸ ನೋಡುವಾಗ ಆನ್ ಮಾಡಿ, ಅಂಚುಗಳನ್ನು ಪರೀಕ್ಷಿಸುವಾಗ ಆಫ್ ಮಾಡಿ. ಆನ್ ಇದ್ದಾಗ ಪರದೆಯ ಮೇಲಿನ ಅಂಚು ಎಂದೂ ನಿಜವಾದ ಅಂಚಲ್ಲ.

ಮೂರು ಬಣ್ಣಗಳ ಹಂಚಿಕೆ

ಇಡೀ ಕೆಲಸದಲ್ಲಿ ಬುದ್ಧಿ ಖರ್ಚು ಮಾಡಬೇಕಾದ ಜಾಗ ಇದೇ. ಕುಂಚ ಮುಟ್ಟುವ ಮೊದಲು ಕಾಗದದ ಮೇಲೆ ಮೂರು ಸ್ಥಿತಿ ಮತ್ತು ಮೂರು ಬಣ್ಣಗಳ ಒಂದು ಪುಟ್ಟ ಕೋಷ್ಟಕ ಬರೆದುಕೊಳ್ಳಿ. ಆಕಾರ ಬದಲಾಗದು ಎಂದು ಮೇಲೆ ಹೇಳಿದೆನಷ್ಟೆ. ಆದರೆ ಪಾರದರ್ಶಕತೆಯ ಮೂಲಕ ಬದಲಾದಂತೆ ತೋರಿಸಬಹುದು. ನಾಲ್ಕು ಆಯ್ಕೆಗಳ ಒಂದು ಮುಖ್ಯ ಮೆನುವನ್ನು ಊಹಿಸಿಕೊಳ್ಳಿ. ಪ್ರತಿ ಹೆಸರಿನ ಎಡಕ್ಕೆ ಒಂದು ತ್ರಿಕೋನದ ಗುರುತು, ಹೆಸರಿನ ಸುತ್ತ ಒಂದು ಚೌಕಟ್ಟು. ತ್ರಿಕೋನಕ್ಕೆ ಮೊದಲ ಬಣ್ಣ, ಚೌಕಟ್ಟಿಗೆ ಎರಡನೆಯದು. ಸಾಮಾನ್ಯ ಸ್ಥಿತಿಯಲ್ಲಿ ಎರಡಕ್ಕೂ ಒಪ್ಯಾಸಿಟಿ (ಅಪಾರದರ್ಶಕತೆ) ಶೇ 0, ಅಂದರೆ ಕಾಣುವುದಿಲ್ಲ. ಆಯ್ಕೆಯಾದಾಗ ಮೊದಲನೆಯದಕ್ಕೆ ಶೇ 100, ಎರಡನೆಯದಕ್ಕೆ ಶೇ 0. ಒತ್ತಿದಾಗ ಎರಡಕ್ಕೂ ಶೇ 100. ಹೀಗೆ ಮಾಡಿದರೆ ಆಯ್ಕೆಯಾದಾಗ ತ್ರಿಕೋನ ಮೂಡುತ್ತದೆ, ಒತ್ತಿದಾಗ ಚೌಕಟ್ಟು ಸೇರಿಕೊಳ್ಳುತ್ತದೆ.

ಮೂರನೆಯ ಬಣ್ಣವನ್ನು ಅಂಚು ಮೃದುಗೊಳಿಸಲು ಇಡುವುದು ನನ್ನ ಅಭಿರುಚಿ. ತ್ರಿಕೋನದ ಓರೆ ಅಂಚುಗಳ ಗುಂಟ ಒಂದೊಂದು ಪಿಕ್ಸೆಲ್ ಮೂರನೆಯ ಬಣ್ಣವನ್ನಿಟ್ಟು, ಅದಕ್ಕೆ ಮೊದಲ ಬಣ್ಣವನ್ನೇ ಅರ್ಧದಷ್ಟು ಪಾರದರ್ಶಕತೆಯಲ್ಲಿ ಕೊಟ್ಟರೆ, ಮೆಟ್ಟಿಲುಮೆಟ್ಟಿಲಾದ ಅಂಚು ದೂರದಿಂದ ನಯವಾಗಿ ಕಾಣುತ್ತದೆ. ಸಬ್‌ಪಿಕ್ಚರ್‌ನ ಪಾರದರ್ಶಕತೆಗೆ 0ಯಿಂದ 15ರವರೆಗೆ ಒಟ್ಟು 16 ಹಂತಗಳಷ್ಟೇ ಇವೆ, ಒಂದೊಂದು ಹಂತ ಸುಮಾರು ಶೇ 7. ಅಷ್ಟರಲ್ಲಿಯೂ ಈ ಉಪಾಯಕ್ಕೆ ಸಾಕಷ್ಟು ಅವಕಾಶವಿದೆ.

ಇಲ್ಲಿ ಒಂದು ಎಚ್ಚರಿಕೆ. ಒಂದು ಪಿಕ್ಸೆಲ್‌ಗೆ ಒಂದೇ ಬೆಲೆ ಇರಲು ಸಾಧ್ಯ, ಬಣ್ಣಗಳು ಒಂದರೊಳಗೊಂದು ಬೆರೆಯುವುದಿಲ್ಲ. ಚೌಕಟ್ಟು ತ್ರಿಕೋನದ ಮೇಲೆ ಹಾದುಹೋಗಿದ್ದರೆ, ಹಾದುಹೋದ ಜಾಗದಲ್ಲಿ ಉಳಿಯುವುದು ಮೇಲಿನ ಲೇಯರ್‌ನ ಬೆಲೆ ಮಾತ್ರ. ಆಯ್ಕೆಯಾದ ಸ್ಥಿತಿಯಲ್ಲಿ ಚೌಕಟ್ಟು ಪೂರ್ತಿ ಪಾರದರ್ಶಕವಾಗಿದ್ದರೂ ಅಲ್ಲಿ ತ್ರಿಕೋನ ಕಾಣುವುದಿಲ್ಲ, ಅದರಲ್ಲೊಂದು ಸೀಳು ಕಾಣುತ್ತದೆ. ಬೇರೆ ಬೇರೆ ಹೊತ್ತಿಗೆ ಮೂಡಬೇಕಾದ ಆಕಾರಗಳ ನಡುವೆ ಕನಿಷ್ಠ 4 ಪಿಕ್ಸೆಲ್ ತೆರವು ಇರಲಿ.

ಇನ್ನು ಬಣ್ಣ ಬದಲಾವಣೆಯನ್ನೇ ನೆಚ್ಚಿಕೊಳ್ಳುವ ಅಭ್ಯಾಸದ ಬಗ್ಗೆ. "ಹೌದು", "ಇಲ್ಲ" ಎಂಬ ಎರಡೇ ಬಟನ್‌ಗಳಿರುವ ಮೆನುವಿನಲ್ಲಿ ಒಂದು ಹಳದಿಯಾಗಿ ಇನ್ನೊಂದು ಬಿಳಿಯಾಗಿ ಕಂಡರೆ, ಆಯ್ಕೆಯಾಗಿರುವುದು ಹಳದಿಯೋ ಬಿಳಿಯೋ ಎಂದು ನೋಡುಗರಿಗೆ ತಿಳಿಯುವ ದಾರಿಯೇ ಇಲ್ಲ. ಅವರು ಬಾಣ ಒತ್ತುತ್ತಾರೆ, ಬಣ್ಣಗಳು ಅದಲುಬದಲಾಗುತ್ತವೆ, ಗೊಂದಲ ಹಾಗೆಯೇ ಉಳಿಯುತ್ತದೆ. ಅಕ್ಷರದ ಬಣ್ಣ ಬದಲಿಸುವುದಕ್ಕಿಂತ, ಇಲ್ಲದಿದ್ದ ಗುರುತೊಂದು ಮೂಡುವುದು ಯಾವಾಗಲೂ ಸ್ಪಷ್ಟ. ಬಣ್ಣಗುರುಡು ಇರುವವರಿಗೂ ಇದೇ ಅನುಕೂಲ.

ಕೆಳಗಿನ ಚಿತ್ರ

ಇಲ್ಲಿ ನಿಮಗೆ ಸ್ವಾತಂತ್ರ್ಯ ಹೆಚ್ಚು, ಹಾಗಾಗಿ ಹೇಳಬೇಕಾದದ್ದು ಕಡಿಮೆ. ಬಟನ್‌ನ ತಳಪಟ್ಟಿ, ಅಕ್ಷರ, ನೆರಳುಗಳೆಲ್ಲ ಇಲ್ಲಿ ಬರುತ್ತವೆ. ಡಿವಿಡಿಯ ಎಂಪೆಗ್-2 ವಿಡಿಯೋದಲ್ಲಿ ಬಣ್ಣದ ವಿವರ ಬೆಳಕಿನ ವಿವರಕ್ಕಿಂತ ಅಡ್ಡಕ್ಕೂ ಉದ್ದಕ್ಕೂ ಅರ್ಧದಷ್ಟೇ ಇರುವುದರಿಂದ, ನೀಲಿಯ ಮೇಲೆ ಕಡುಗೆಂಪು ಅಕ್ಷರದಂತಹ ಜೋಡಣೆಗಳು ಹರಡಿಕೊಳ್ಳುತ್ತವೆ; ಬಣ್ಣದ ವ್ಯತ್ಯಾಸಕ್ಕಿಂತ ಬೆಳಕು ಕತ್ತಲೆಯ ವ್ಯತ್ಯಾಸವನ್ನು ನಂಬಿ. ಶುದ್ಧ ಬಿಳಿಯ ಬದಲು ಆರ್‌ಜಿಬಿ 235ರ ಆಸುಪಾಸಿನ ಬಿಳಿ ಸಾಕು. ಒಂದೇ ಪಿಕ್ಸೆಲ್ ದಪ್ಪದ ಅಡ್ಡಗೆರೆಗಳು ಇಂಟರ್‌ಲೇಸ್ (ಸಮಸಾಲು ಬೆಸಸಾಲುಗಳನ್ನು ಸರದಿಯಲ್ಲಿ ತೋರಿಸುವ) ಟಿವಿಯಲ್ಲಿ ಮಿಣುಕುತ್ತವೆ, ಆದ್ದರಿಂದ ಅಡ್ಡಗೆರೆಗಳಿಗೆ ಕನಿಷ್ಠ 2, ಸಾಧ್ಯವಾದರೆ 4 ಪಿಕ್ಸೆಲ್ ದಪ್ಪ ಕೊಡಿ.

ಕನ್ನಡ ಅಕ್ಷರಗಳನ್ನು ಬಳಸುವವರು ಟೈಪ್ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾ ಲಿಪಿಗಳಿಗೆ ಹೊಂದುವ ಜೋಡಣೆಯನ್ನು ಆರಿಸಬೇಕು. ಇಲ್ಲವಾದರೆ ಒತ್ತಕ್ಷರಗಳು ಚದುರುತ್ತವೆ. ಅಕ್ಷರದ ಕೆಳಗೆ ಗೆರೆ ಎಳೆದು ಅದನ್ನೇ ಆಯ್ಕೆಯ ಗುರುತಾಗಿಸುವ ಯೋಚನೆಯಿದ್ದರೆ ಒತ್ತಕ್ಷರದ ಬಾಲ ಎಷ್ಟು ಕೆಳಗಿಳಿಯುತ್ತದೆ ಎಂದು ಮೊದಲು ಅಳೆಯಿರಿ. ನಾಲ್ಕು ಹೆಸರುಗಳಲ್ಲಿ ಒಂದಕ್ಕೆ ಮಾತ್ರ ಒತ್ತಿದ್ದರೂ ಗೆರೆ ನಾಲ್ಕಕ್ಕೂ ಅದೇ ಆಳದಲ್ಲಿರಬೇಕಾಗುತ್ತದೆ. ಎಡಬದಿಯ ಗುರುತಿಗೆ ಈ ತಾಪತ್ರಯವಿಲ್ಲ.

ಹೊದಿಕೆಯ ಲೇಯರ್‌ಗಳು

ಈ ಲೇಯರ್‌ಗಳಲ್ಲಿ ಪ್ರತಿ ಪಿಕ್ಸೆಲ್ ಪೂರ್ತಿ ಇರಬೇಕು ಅಥವಾ ಪೂರ್ತಿ ಇರಬಾರದು; ಮಧ್ಯದ ಸ್ಥಿತಿ ಇಲ್ಲ. ಅದಕ್ಕಾಗಿ ಬ್ರಷ್ ಬದಲು ಪೆನ್ಸಿಲ್ ಉಪಕರಣ ಬಳಸಿ. ಆಯ್ಕೆ ಉಪಕರಣಗಳಲ್ಲಿ ಫೆದರ್ (ಅಂಚು ಮಸುಕಾಗಿಸುವಿಕೆ) 0 ಇರಲಿ, ಆಂಟಿ-ಅಲಿಯಾಸ್ (ಅಂಚು ನಯಗೊಳಿಸುವಿಕೆ) ಆಫ್ ಇರಲಿ. ಟೈಪ್ ಉಪಕರಣದಲ್ಲಿಯೂ ಆಂಟಿ-ಅಲಿಯಾಸ್ ಜಾಗದಲ್ಲಿ "ನನ್" (None) ಆರಿಸಿ. ನೆರಳು, ಹೊಳಪು ಮುಂತಾದ ಲೇಯರ್ ಎಫೆಕ್ಟ್‌ಗಳು ಬೇಡ. ಲೇಯರ್‌ನ ಒಪ್ಯಾಸಿಟಿ ಶೇ 100, ಬ್ಲೆಂಡ್ ವಿಧಾನ ನಾರ್ಮಲ್. ಪಾರದರ್ಶಕತೆ ನಿರ್ಧಾರವಾಗುವುದು ಆಥರಿಂಗ್ ತಂತ್ರಾಂಶದ ಬಣ್ಣದ ಕೋಷ್ಟಕದಲ್ಲಿ, ಫೋಟೋಶಾಪ್‌ನಲ್ಲಿ ಅಲ್ಲ.

ಈಗಾಗಲೇ ಮೃದು ಅಂಚಿನೊಂದಿಗೆ ಬರೆದ ಆಕಾರ ಇದ್ದರೆ ಅದನ್ನು ಎಸೆಯಬೇಕಿಲ್ಲ, ಗಟ್ಟಿ ಮಾಡಿಕೊಳ್ಳಬಹುದು. ಕಂಟ್ರೋಲ್ ಕೀ ಹಿಡಿದು ಲೇಯರ್‌ನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಅದರ ಆಕಾರ ಆಯ್ಕೆಯಾಗುತ್ತದೆ. ಆ ಆಯ್ಕೆಯನ್ನು ಚಾನೆಲ್ ಆಗಿ ಉಳಿಸಿ, ಚಾನೆಲ್ ಫಲಕದಲ್ಲಿ ಅದನ್ನೊಂದನ್ನೇ ಆರಿಸಿ, ಆಯ್ಕೆಯನ್ನು ಬಿಡಿಸಿ, ಥ್ರೆಷೋಲ್ಡ್ ಆಜ್ಞೆಯನ್ನು 128ರಲ್ಲಿ ಹಾಕಿ. ಬೂದುಬಣ್ಣದ ಅಂಚುಗಳು ಕಪ್ಪು ಬಿಳಿಯಾಗಿ ಒಡೆದುಕೊಳ್ಳುತ್ತವೆ. ಈಗ ಆ ಚಾನೆಲ್‌ನಿಂದ ಮತ್ತೆ ಆಯ್ಕೆ ತೆಗೆದು ಹೊಸ ಲೇಯರ್‌ನಲ್ಲಿ ಬಣ್ಣ ತುಂಬಿ. ಹಳೆಯ ಲೇಯರ್ ಮತ್ತು ಹೆಚ್ಚುವರಿ ಚಾನೆಲ್ ಎರಡನ್ನೂ ಅಳಿಸಿ. ಗಿಂಪ್ ಎಂಬ ಉಚಿತ ಚಿತ್ರ ತಂತ್ರಾಂಶ ಬಳಸುವವರಿಗೆ ಲೇಯರ್ ಮೆನುವಿನ ಪಾರದರ್ಶಕತೆ ವಿಭಾಗದಲ್ಲಿರುವ ಥ್ರೆಷೋಲ್ಡ್ ಆಲ್ಫಾ ಆಜ್ಞೆ ಇದನ್ನೆಲ್ಲ ಒಂದೇ ಹೆಜ್ಜೆಯಲ್ಲಿ ಮಾಡಿಕೊಡುತ್ತದೆ. ಈ ಒಂದು ವಿಷಯದಲ್ಲಿ ಅದು ಫೋಟೋಶಾಪ್‌ಗಿಂತ ಜಾಣ.

ಗಟ್ಟಿ ಮಾಡುವ ಕೆಲಸ ಗಾತ್ರ ಬದಲಾವಣೆಯ ನಂತರವೇ ಆಗಬೇಕು ಎಂಬುದು ಮುಖ್ಯ. ಚೌಕ ಪಿಕ್ಸೆಲ್‌ನ 1050×576 ಕ್ಯಾನ್ವಾಸ್‌ನಲ್ಲಿ ಬರೆದು ಆಮೇಲೆ 720ಕ್ಕೆ ಕುಗ್ಗಿಸಿದರೆ ಪ್ರತಿ ಲಂಬ ಅಂಚೂ ಮತ್ತೆ ಮಸುಕಾಗುತ್ತದೆ. ಹೊದಿಕೆಯನ್ನು ಕೊನೆಯ ಅಳತೆಯಲ್ಲಿಯೇ ಬರೆಯುವುದು ಇದಕ್ಕೆ ಸರಳ ಪರಿಹಾರ.

ಸ್ಥಾನದ ವಿಷಯ ಇನ್ನೊಂದಿದೆ. ಸಬ್‌ಪಿಕ್ಚರ್‌ನ ದತ್ತಾಂಶ ಡಿಸ್ಕ್‌ನಲ್ಲಿ ಸಮಸಾಲು ಬೆಸಸಾಲುಗಳಾಗಿ ಎರಡು ಫೀಲ್ಡ್‌ಗಳಲ್ಲಿ ಉಳಿಯುತ್ತದೆ. ಹೀಗಾಗಿ ಬಟನ್‌ನ ಮೇಲಂಚು ಸಮಸಂಖ್ಯೆಯ ಸಾಲಿನಲ್ಲಿ ಆರಂಭವಾಗಿ, ಎತ್ತರವೂ ಸಮಸಂಖ್ಯೆಯಲ್ಲಿರುವುದು ಒಳ್ಳೆಯದು. ಹಾಗೆಯೇ ಹೊದಿಕೆಯ ಅಂಚನ್ನು ಕೆಳಗಿನ ಚಿತ್ರದ ಅಂಚಿನ ಮೇಲೆಯೇ ತಂದು ಕೂರಿಸಬೇಡಿ. ಒಂದು ಪಿಕ್ಸೆಲ್ ಆಚೀಚೆಯಾದರೂ ಒಂದು ಬದಿಯಲ್ಲಿ ಬೆಳ್ಳಗಿನ ಗೀರು ಇಣುಕುತ್ತದೆ. ಪ್ಲೇಯರ್‌ಗಳ ನಡುವೆ ಅಷ್ಟು ವ್ಯತ್ಯಾಸ ಬರುವುದುಂಟು. ಹೊದಿಕೆ ಒಂದೋ ತಳಪಟ್ಟಿಯ ಒಳಗೆ 3–4 ಪಿಕ್ಸೆಲ್ ಸರಿದಿರಲಿ, ಇಲ್ಲವೇ ಅದರಿಂದ ಸ್ಪಷ್ಟವಾಗಿ ಹೊರಗಿರಲಿ.

ಹೆಸರು ಮತ್ತು ಗುಂಪು

ಎನ್‌ಕೋರ್ ಲೇಯರ್‌ಗಳನ್ನು ಗುರುತಿಸುವುದು ಹೆಸರಿನ ಮೊದಲ ಚಿಹ್ನೆಯಿಂದ. ಒಂದು ಬಟನ್‌ಗೆ ಸೇರಿದ ಎಲ್ಲ ಲೇಯರ್‌ಗಳನ್ನು ಒಂದು ಗುಂಪಿಗೆ ಹಾಕಿ, ಗುಂಪಿನ ಹೆಸರನ್ನು (+) ಚಿಹ್ನೆಯಿಂದ ಆರಂಭಿಸಿ. ಒಳಗಿನ ಹೊದಿಕೆ ಲೇಯರ್‌ಗಳಿಗೆ (=1), (=2), (=3) ಎಂಬ ಚಿಹ್ನೆಗಳು; ಇವು ಮೂರು ಬಣ್ಣಗಳ ಸ್ಥಾನವನ್ನು ಹೇಳುತ್ತವೆ. ಅಧ್ಯಾಯಗಳ ಮೆನುವಿನಲ್ಲಿ ವಿಡಿಯೋದ ತುಣುಕು ಕಾಣಬೇಕಾದ ಜಾಗದ ಲೇಯರ್‌ಗೆ (%) ಚಿಹ್ನೆ. ಅಕ್ಷರ ಮತ್ತು ತಳಪಟ್ಟಿಗಳಿಗೆ ಯಾವ ಚಿಹ್ನೆಯೂ ಬೇಡ. ಚಿಹ್ನೆಯಲ್ಲಿ ಆವರಣವನ್ನು ಬಿಡುವುದು, ಮಧ್ಯದಲ್ಲಿ ಜಾಗ ಬಿಡುವುದು ಇಂತಹ ಸಣ್ಣ ಲೋಪವಾದರೂ ಲೇಯರ್ ಹಿನ್ನೆಲೆಗೆ ಅಂಟಿಕೊಂಡು ಎಲ್ಲ ಸ್ಥಿತಿಗಳಲ್ಲಿಯೂ ಕಾಣುತ್ತಿರುತ್ತದೆ. ಆಮದಾದ ಮೇಲೆ ತ್ರಿಕೋನ ಎಲ್ಲ ಬಟನ್‌ಗಳ ಪಕ್ಕದಲ್ಲಿಯೂ ಸದಾ ಹೊಳೆಯುತ್ತಿದ್ದರೆ ಮೊದಲು ಹುಡುಕಬೇಕಾದದ್ದು ಈ ಚಿಹ್ನೆಯ ಲೋಪವನ್ನು. ಚಿಹ್ನೆಯ ನಂತರದ ಹೆಸರನ್ನು ಚಿಕ್ಕದಾಗಿ, ಸರಳ ಇಂಗ್ಲಿಷ್ ಅಕ್ಷರಗಳಲ್ಲಿಡುವುದು ವಾಸಿ.

ಒಂದು ಬಟನ್ ಪೂರ್ತಿಯಾಗಿ ಸರಿಯಾಗುವವರೆಗೆ ಎರಡನೆಯದನ್ನು ಮಾಡಬೇಡಿ. ಸರಿಯಾದ ಮೇಲೆ ಗುಂಪನ್ನೇ ನಕಲು ಮಾಡಿ ಸಮಸಂಖ್ಯೆಯ ಸಾಲುಗಳಷ್ಟು ಕೆಳಗೆ ಸರಿಸಿ. ಶಿಫ್ಟ್ ಕೀ ಹಿಡಿದು ಬಾಣ ಒತ್ತಿದರೆ 10 ಪಿಕ್ಸೆಲ್ ಸರಿಯುವುದರಿಂದ ಲೆಕ್ಕ ತಪ್ಪುವುದಿಲ್ಲ. ಬಟನ್‌ಗಳ ಒಟ್ಟು ಮಿತಿ 4:3 ಮೆನುವಿಗೆ 36. ಲೆಟರ್‌ಬಾಕ್ಸ್ (4:3 ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವ) ರೂಪವನ್ನೂ ಹೊರಬೇಕಾದ 16:9 ಮೆನುವಿಗೆ ಅದು 18ಕ್ಕೆ ಇಳಿಯುತ್ತದೆ, ಆದರೆ ಅಷ್ಟು ತುಂಬಿದ ಮೆನುವನ್ನು ರಿಮೋಟ್‌ನಿಂದ ನಡೆಸುವುದೇ ಒಂದು ಶಿಕ್ಷೆ. ಕೆಲಸದ ಮೂಲ ಕಡತದಲ್ಲಿ ಅಕ್ಷರಗಳು ತಿದ್ದಬಹುದಾದ ಸ್ಥಿತಿಯಲ್ಲಿಯೇ ಇರಲಿ. ಎನ್‌ಕೋರ್‌ಗೆ ಕೊಡುವ ಪಿಎಸ್‌ಡಿ (ಫೋಟೋಶಾಪ್ ಕಡತ) ಬೇರೆ ಪ್ರತಿಯಾಗಿರಲಿ, ಅದರಲ್ಲಿ ಎಫೆಕ್ಟ್‌ಗಳನ್ನು ಚಿತ್ರವಾಗಿ ಕರಗಿಸಿ.

ಎನ್‌ಕೋರ್‌ನಲ್ಲಿ ಬಣ್ಣ ತುಂಬುವುದು

ಪಿಎಸ್‌ಡಿಯನ್ನು ಮೆನುವಾಗಿ ಆಮದು ಮಾಡಿ, ಮೆನು ಬಣ್ಣಗಳ ಸೆಟ್ ತೆರೆಯಿರಿ. ಅಲ್ಲಿ ಸಾಮಾನ್ಯ ಸ್ಥಿತಿಗೆ ಮೂರು ಬಣ್ಣ, ಆಮೇಲೆ ಎರಡು ಹೈಲೈಟ್ ಗುಂಪುಗಳು, ಪ್ರತಿಯೊಂದರಲ್ಲಿ ಆಯ್ಕೆಯಾದ ಸ್ಥಿತಿಗೆ ಮೂರು, ಒತ್ತಿದ ಸ್ಥಿತಿಗೆ ಮೂರು. ಒಟ್ಟು 15, ಡಿವಿಡಿಯ 16 ಬಣ್ಣಗಳ ಪ್ಯಾಲೆಟ್ ಇದರಿಂದ ಬಹುತೇಕ ತುಂಬುತ್ತದೆ. ಕಾಗದದ ಮೇಲೆ ಬರೆದುಕೊಂಡ ಕೋಷ್ಟಕವನ್ನು ಇಲ್ಲಿಗೆ ಇಳಿಸಿ. ಎರಡನೆಯ ಗುಂಪನ್ನು "ಹಿಂದಕ್ಕೆ" ಎಂಬಂತಹ ಬಟನ್‌ಗಳಿಗೆ ಮೀಸಲಿಟ್ಟರೆ ಅವು ಬೇರೆ ಬಣ್ಣದಲ್ಲಿ ಹೊಳೆದು, ದಾರಿ ತಪ್ಪಿದವರಿಗೆ ಸುಲಭವಾಗಿ ಸಿಗುತ್ತವೆ. ಒತ್ತಿದ ಸ್ಥಿತಿ ಕಾಣುವುದು ಕ್ಷಣದ ಒಂದಂಶ ಮಾತ್ರ, ಆದ್ದರಿಂದ ಅದಕ್ಕೆ ಕಲಾವಂತಿಕೆ ಬೇಡ. ಆಯ್ಕೆಯಾದ ಬಣ್ಣಕ್ಕಿಂತ ಗಟ್ಟಿಯಾಗಿ ಬೇರೆಯಾದ ಒಂದು ಬಣ್ಣ ಸಾಕು.

ಬಳಿಕ ಬಾಣಗಳ ದಾರಿ. ತಾನಾಗಿ ದಾರಿ ಹಾಕುವ ಆಯ್ಕೆಯನ್ನು ಎನ್‌ಕೋರ್ ಕೊಡುತ್ತದೆ. ಒಂದೇ ಸಾಲಿನ ಪಟ್ಟಿಗೆ ಅದು ಸಾಕಾಗುತ್ತದೆ, ಜಾಲದಂತೆ ಹರಡಿದ ಬಟನ್‌ಗಳಿಗೆ ಕೈಯಾರೆ ಹಾಕುವುದೇ ಲೇಸು. ಎಲ್ಲ ಬಟನ್‌ಗಳಿಗೂ ನಾಲ್ಕು ದಿಕ್ಕಿನಲ್ಲಿ ಯಾವುದಾದರೂ ಗುರಿ ಇರಬೇಕು. ಗುರಿ ಇಲ್ಲದ ದಿಕ್ಕಿದ್ದರೆ ಅದೇ ಬಟನ್‌ಗೆ ಮರಳಿಸಿ.

ಬೇರೆ ತಂತ್ರಾಂಶಗಳಲ್ಲಿ

ಆಪಲ್‌ನ ಡಿವಿಡಿ ಸ್ಟುಡಿಯೋ ಪ್ರೋದಲ್ಲಿ ಎರಡು ದಾರಿಗಳಿದ್ದವು. ಲೇಯರ್ಡ್ ಮೆನುವಿನಲ್ಲಿ ಪ್ರತಿ ಸ್ಥಿತಿಗೂ ಪೂರ್ಣ ಬಣ್ಣದ ಲೇಯರ್ ಬಳಸಬಹುದಿತ್ತು, ನೆರಳು ಹೊಳಪುಗಳೆಲ್ಲ ಸಲ್ಲುತ್ತಿದ್ದವು. ಆದರೆ ಪ್ರತಿ ಬಾಣ ಒತ್ತಿದಾಗಲೂ ಪ್ಲೇಯರ್ ಬೇರೆ ಚಿತ್ರವನ್ನು ಡಿಸ್ಕ್‌ನಿಂದ ಓದಬೇಕಾಗಿ ಬಂದು ಪ್ರತಿಕ್ರಿಯೆ ನಿಧಾನವಾಗುತ್ತಿತ್ತು, ಚಲಿಸುವ ಹಿನ್ನೆಲೆಗೂ ಧ್ವನಿಗೂ ಅವಕಾಶವಿರಲಿಲ್ಲ. ನನ್ನ ಮಟ್ಟಿಗೆ ಆ ಬೆಲೆ ದುಬಾರಿ. ಓವರ್‌ಲೇ ದಾರಿಯಲ್ಲಿ ಕಪ್ಪು, ಗಾಢ ಬೂದು, ತಿಳಿ ಬೂದು, ಬಿಳಿ ಎಂಬ ನಾಲ್ಕು ಛಾಯೆಗಳ ಒಂದು ಚಿತ್ರವನ್ನು ಕೊಟ್ಟರೆ ಅವು ನಾಲ್ಕು ಬೆಲೆಗಳಾಗಿ ಬದಲಾಗುತ್ತಿದ್ದವು. ಮೇಲೆ ಹೇಳಿದ ಹೊದಿಕೆ ಲೇಯರ್‌ಗಳಿಗೆ ಈ ಛಾಯೆಗಳನ್ನು ತುಂಬಿ ಒಂದು ಮಾಡಿದರಾಗುತ್ತಿತ್ತು.

ಉಚಿತ ತಂತ್ರಾಂಶವಾದ ಡಿವಿಡಿಆಥರ್ ಜತೆಗೆ ಬರುವ ಎಸ್‌ಪಿಯುಮಕ್ಸ್, ಮೂರು ಸ್ಥಿತಿಗೂ ಒಂದೊಂದು ಪಿಎನ್‌ಜಿ ಚಿತ್ರ ಕೇಳುತ್ತದೆ. ಮೂರೂ ವಿಡಿಯೋದ ಪೂರ್ಣ ಅಳತೆಯಲ್ಲಿದ್ದು, ಪಾರದರ್ಶಕವೂ ಸೇರಿ ತಲಾ ನಾಲ್ಕು ಬಣ್ಣ ಮೀರಬಾರದು. ಗಿಂಪ್‌ನಲ್ಲಿ ಇಂಡೆಕ್ಸ್ಡ್ ವಿಧಾನಕ್ಕೆ ಬದಲಿಸುವಾಗ ಗರಿಷ್ಠ ಬಣ್ಣ 3 (ಪಾರದರ್ಶಕವನ್ನು ಬಿಟ್ಟು) ಎಂದೂ ಡಿದರಿಂಗ್ (ಚುಕ್ಕೆಗಳಿಂದ ಬಣ್ಣ ಬೆರೆಸುವುದು) ಬೇಡ ಎಂದೂ ಕೊಟ್ಟರೆ ಮಿತಿ ತಾನಾಗಿ ಪಾಲನೆಯಾಗುತ್ತದೆ.

ಬ್ಲೂ-ರೇ ಡಿಸ್ಕ್‌ನ ಇಂಟರಾಕ್ಟಿವ್ ಗ್ರಾಫಿಕ್ಸ್‌ಗೆ ಈ ಬಡತನವಿಲ್ಲ. ಅಲ್ಲಿ ಪ್ಯಾಲೆಟ್ 8 ಬಿಟ್‌ನದು, ಪ್ರತಿ ಬಣ್ಣಕ್ಕೂ ತನ್ನದೇ ಪಾರದರ್ಶಕತೆ ಇರುವುದರಿಂದ ಮೃದು ಅಂಚು ಸಹಜವಾಗಿ ಸಾಧ್ಯ, ಮೂರು ಸ್ಥಿತಿಗಳಿಗೂ ಬೇರೆ ಬೇರೆ ಆಕಾರಗಳನ್ನೇ ಕೊಡಬಹುದು.

ಪರೀಕ್ಷೆ

ಎನ್‌ಕೋರ್‌ನ ಮೆನು ಕಿಟಕಿಯ ಕೆಳಗಿರುವ ಗುಂಡಿಗಳಿಂದ ಮೂರು ಸ್ಥಿತಿಗಳನ್ನೂ ಒಂದೊಂದಾಗಿ ತೋರಿಸಿಕೊಂಡು, ಪ್ರತಿ ಬಟನ್‌ನಲ್ಲಿಯೂ ಸರಿಯಾದ ಆಕಾರ ಮೂಡುವುದನ್ನು ಖಚಿತಪಡಿಸಿ. ಪ್ರಾಜೆಕ್ಟ್ ತಪಾಸಣೆಯ ಆಜ್ಞೆಯನ್ನೂ ಓಡಿಸಿ. ಆಮೇಲೆ ಮತ್ತೆ ಬರೆಯಬಹುದಾದ ಡಿಸ್ಕ್‌ಗೆ ಬರೆದು, ನಿಜವಾದ ಪ್ಲೇಯರ್ ಮತ್ತು ಟಿವಿಯಲ್ಲಿ, ಸಾಮಾನ್ಯವಾಗಿ ಕೂತು ನೋಡುವಷ್ಟು ದೂರದಿಂದ ನೋಡಿ. ಕಂಪ್ಯೂಟರ್‌ನ ಪ್ಲೇಯರ್ ತಂತ್ರಾಂಶಗಳು ಚಿತ್ರವನ್ನು ಹಿಗ್ಗಿಸಿ ನಯಗೊಳಿಸುವುದರಿಂದ ಮಿಣುಕುವ ಗೆರೆ, ಹಲ್ಲಾದ ಅಂಚು ಎರಡೂ ಅಲ್ಲಿ ಮರೆಯಾಗುತ್ತವೆ. ಟಿವಿಯ ಮುಂದೆ ಕೂತಾಗ ರಿಮೋಟ್‌ನ ನಾಲ್ಕೂ ಬಾಣಗಳನ್ನು ಎಲ್ಲ ಬಟನ್‌ಗಳ ಮೇಲೆ ಪ್ರಯತ್ನಿಸಿ. ಬಳಿಕ ಈ ಮೆನುವನ್ನು ಹಿಂದೆಂದೂ ನೋಡಿರದ ಒಬ್ಬರ ಕೈಗೆ ರಿಮೋಟ್ ಕೊಟ್ಟು, ಈಗ ಯಾವ ಬಟನ್ ಆಯ್ಕೆಯಾಗಿದೆ ಎಂದು ಕೇಳಿ. ಅವರು ಉತ್ತರಿಸುವ ಮೊದಲು ಬಾಣ ಒತ್ತಿ ನೋಡಿದರೆ, ಮೂರು ಬಣ್ಣಗಳ ಹಂಚಿಕೆಯ ಹಂತಕ್ಕೆ ಮರಳಬೇಕು.